ಕಾ ಯಾರ ಕಡೆ? ಪ್ರಾಣಿಕಥೆಯನ್ನೂ ಅದರ ಕಾರ್ಟೂನ್ ಸಿನಿಮಾವನ್ನೂ ಜೊತೆಗಿಟ್ಟು ನೋಡುವ ಬಗೆ

ಒಂದು ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳು ಮೂವರು, ಪಕ್ಕದ ಮನೆಯವರು ಇಬ್ಬರು, ಒಟ್ಟು ಐದು ಮಕ್ಕಳನ್ನು ಕೂರಿಸಿಕೊಂಡು ಒಂದು ಆಟ ಶುರು ಮಾಡಿದೆ. ಮೊದಲು ಕಥೆ ಓದುವುದು. ಆಮೇಲೆ ಅದೇ ಕಥೆಯ ಕಾರ್ಟೂನ್ ಸಿನಿಮಾ ನೋಡುವುದು. ಎರಡರಲ್ಲಿ ಏನೇನು ಬೇರೆ ಅಂತ ಹಾಳೆಯಲ್ಲಿ ಬರೆಯುವುದು. ಕಥೆ ‘ಜಂಗಲ್ ಬುಕ್’. ಪುಸ್ತಕ ಮೇಳವೊಂದರಲ್ಲಿ ಕೊಂಡಿದ್ದ ತೆಳು ಪುಸ್ತಕ, ದೊಡ್ಡ ಅಕ್ಷರ, ಪುಟಪುಟಕ್ಕೂ ಬಣ್ಣದ ಚಿತ್ರ. ಓದಿದೆವು, ನೋಡಿದೆವು. ಕೊನೆಗೆ ಹಾಳೆ ಇಸ್ಕೊಂಡು ನೋಡಿದರೆ ಐದಕ್ಕೆ ಐದೂ ಹೆಚ್ಚುಕಮ್ಮಿ ಖಾಲಿ.

‘ಮಾಮ, ಎರಡೂ ಒಂದೇ ಅಲ್ವಾ?’ ಅಂದಳು ಎಲ್ಲರಿಗಿಂತ ಚಿಕ್ಕವಳು.

ಅವಳು ಹೇಳಿದ್ದು ಸರಿಯಾಗೇ ಇತ್ತು. ನಾನು ಕೊಂಡ ಪುಸ್ತಕವನ್ನು ಯಾರೋ ಸಿನಿಮಾ ನೋಡಿಯೇ ಬರೆದಿದ್ದರು. ಹೊದಿಕೆಯ ಮೇಲೆ ಮೂಲ ಲೇಖಕ ಕಿಪ್ಲಿಂಗ್ ಹೆಸರು, ಒಳಗೆಲ್ಲ ಡಿಸ್ನಿ ಸಿನಿಮಾದ ಕಥೆ. ಒಂದು ವಾರದ ಶ್ರಮ ನೀರಲ್ಲಿ ಹೋಮ.

ಮುಂದಿನ ರಜೆಯಲ್ಲಿ ಮತ್ತೆ ಮಾಡಿದೆವು, ಈ ಸಲ ನೆಟ್ಟಗೆ. ಆಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮನೆಯಲ್ಲಿ ಮಕ್ಕಳ ಜೊತೆ ಮಾಡುವವರಿಗೆ, ಶಾಲೆಯಲ್ಲಿ ಪ್ರಾಜೆಕ್ಟ್ ಕೊಡುವ ಮೇಷ್ಟ್ರುಗಳಿಗೆ, ಕಾಲೇಜಿನಲ್ಲಿ ಇಂಥದ್ದೇ ಪ್ರಬಂಧ ಬರೆಯಬೇಕಾದವರಿಗೆ, ಎಲ್ಲರಿಗೂ ಇದೇ ದಾರಿ ನಡೆಯುತ್ತದೆ. ಉದಾಹರಣೆ ಮಾತ್ರ ಉದ್ದಕ್ಕೂ ಒಂದೇ, ಕಾಡಿನಲ್ಲಿ ತೋಳಗಳು ಸಾಕಿದ ಹುಡುಗ ಮೋಗ್ಲಿಯದು.

ಮೊದಲ ಹೆಜ್ಜೆ: ಯಾವ ಪುಸ್ತಕ, ಯಾವ ಸಿನಿಮಾ?

‘ಜಂಗಲ್ ಬುಕ್ ಗೊತ್ತು’ ಅನ್ನುವ ಹತ್ತು ಜನರನ್ನು ಕೇಳಿ, ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಮೋಗ್ಲಿ ಇರುತ್ತಾನೆ. ನನ್ನ ವಯಸ್ಸಿನವರಿಗೆ ಅವನು ಭಾನುವಾರದ ದೂರದರ್ಶನದ ಹುಡುಗ. ಅದು ಜಪಾನಿನಲ್ಲಿ 1989ರಲ್ಲಿ ಶುರುವಾದ 52 ಕಂತಿನ ಧಾರಾವಾಹಿ. ನಮಗೆ ಹಿಂದಿಯಲ್ಲಿ ಬಂತು, ಗುಲ್ಜಾರ್ ಬರೆದ ಚಡ್ಡಿ-ಹೂವಿನ ಹಾಡಿನ ಜೊತೆ. ಹಿಂದಿ ಬಾರದ ನಮ್ಮೂರ ಮಕ್ಕಳೂ ಆ ಹಾಡನ್ನು ಬಾಯಿಪಾಠ ಹೇಳುತ್ತಿದ್ದರು. ಈಗಿನ ಮಕ್ಕಳಿಗೆ ಅವನು 2016ರ ಕಂಪ್ಯೂಟರ್ ಗ್ರಾಫಿಕ್ಸ್ ಸಿನಿಮಾದವನು. ಇವೆಲ್ಲ ತಲೆಯಲ್ಲಿ ಕಲಸಿಕೊಂಡಿರುತ್ತವೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಹೆಸರು, ವರ್ಷ ಬರೆದುಬಿಡಿ.

ನಮ್ಮದು ಹೀಗಿತ್ತು. ಪುಸ್ತಕ: ರುಡ್ಯಾರ್ಡ್ ಕಿಪ್ಲಿಂಗ್ ಬರೆದ ‘ದ ಜಂಗಲ್ ಬುಕ್’, 1894. ಸಿನಿಮಾ: ಅದೇ ಹೆಸರಿನ ಡಿಸ್ನಿ ಆ್ಯನಿಮೇಷನ್ ಚಿತ್ರ, 1967, ನಿರ್ದೇಶಕ ವೂಲ್ಫ್‌ಗ್ಯಾಂಗ್ ರೈದರ್‌ಮನ್, ಅವಧಿ 78 ನಿಮಿಷ.

ಪುಸ್ತಕ ಅಸಲಿಯೋ ಸಿನಿಮಾದ ನಕಲೋ ತಿಳಿಯುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು. ಹೆಬ್ಬಾವು ಕಾ ಎಲ್ಲಿ ಬರುತ್ತಾನೆ ಹುಡುಕಿ. ಅವನು ಮೋಗ್ಲಿಯನ್ನು ತಿನ್ನಲು ನೋಡುತ್ತಿದ್ದಾನಾ? ಪುಸ್ತಕ ವಾಪಸ್ ಇಡಿ. ಮೋಗ್ಲಿಯನ್ನು ಕಾಪಾಡುತ್ತಿದ್ದಾನಾ? ಕೊಳ್ಳಿ. ಕೋತಿಗಳಿಗೆ ರಾಜ ಇದ್ದರೆ, ಕೊನೆಯಲ್ಲಿ ಕೊಡ ಹೊತ್ತ ಹುಡುಗಿ ಬಂದರೆ, ಅದೂ ಸಿನಿಮಾದ ಕಥೆಯೇ.

ಕಿಪ್ಲಿಂಗ್ ತೀರಿಕೊಂಡದ್ದು 1936ರಲ್ಲಿ. ಅವನ ಪುಸ್ತಕಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಮೂಲ ಇಂಗ್ಲಿಷ್ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಎರಡನೇ ಹೆಜ್ಜೆ: ಮೊದಲು ಓದು, ಆದರೆ ಇಡೀ ಪುಸ್ತಕವಲ್ಲ

ಜಂಗಲ್ ಬುಕ್ ಅಂದರೆ ಪೂರ್ತಿ ಮೋಗ್ಲಿಯ ಕಥೆ ಅಂದುಕೊಂಡವರು ಜಾಸ್ತಿ. ಅದರಲ್ಲಿ ಇರುವುದು ಏಳು ಕಥೆ, ಮೋಗ್ಲಿ ಬರುವುದು ಮೂರರಲ್ಲಿ ಮಾತ್ರ. ಉಳಿದವುಗಳಲ್ಲಿ ಬಿಳಿ ಸೀಲ್ ಇದೆ, ಮುಂಗುಸಿ ರಿಕ್ಕಿ-ಟಿಕ್ಕಿ-ಟಾವಿ ಇದೆ, ಆನೆ ಹುಡುಗ ತೂಮಾಯಿ ಇದ್ದಾನೆ. 1895ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ಮೋಗ್ಲಿಯ ಇನ್ನೂ ಐದು ಕಥೆಗಳಿವೆ. ಹೋಲಿಕೆಗೆ ಮೊದಲ ಪುಸ್ತಕದ ಮೂರು ಸಾಕು: ‘ಮೋಗ್ಲೀಸ್ ಬ್ರದರ್ಸ್’, ‘ಕಾಸ್ ಹಂಟಿಂಗ್’, ‘ಟೈಗರ್! ಟೈಗರ್!’. ದಿನಕ್ಕೊಂದರಂತೆ ಮೂರು ಸಂಜೆ.

ಪುಸ್ತಕವನ್ನೇ ಮೊದಲು ಓದಿ. ಸಿನಿಮಾ ಮೊದಲು ನೋಡಿದರೆ ಕರಡಿ ಬಾಲೂ ಎಂದ ಕೂಡಲೇ ಆ ದಪ್ಪ ಹೊಟ್ಟೆ, ಆ ಕುಣಿತವೇ ಕಣ್ಣಿಗೆ ಬರುತ್ತದೆ. ಆಮೇಲೆ ಪುಸ್ತಕದ ಬಾಲೂ ಎಷ್ಟು ಬಾಗಿಲು ಬಡಿದರೂ ಒಳಗೆ ಬರುವುದಿಲ್ಲ.

ಮಕ್ಕಳಿಗೆ ಇಂಗ್ಲಿಷ್ ಕಷ್ಟವಾದರೆ ನೀವು ಓದಿಕೊಂಡು ಕನ್ನಡದಲ್ಲಿ ಹೇಳಿ. ಹಾಗೆ ಹೇಳುವಾಗ ನಮಗೊಂದು ಮಜಾ ಸಿಕ್ಕಿತು. ಕಿಪ್ಲಿಂಗ್‌ನ ಪ್ರಾಣಿಗಳು ಹಳೇ ಇಂಗ್ಲಿಷಿನಲ್ಲಿ, ಸಲಿಗೆಯ ಏಕವಚನದಲ್ಲಿ ಮಾತಾಡುತ್ತವೆ. ಕನ್ನಡದಲ್ಲಿ ಹೇಳುವಾಗ ಯಾರು ಯಾರಿಗೆ ‘ನೀನು’ ಅನ್ನಬೇಕು, ಯಾರಿಗೆ ‘ನೀವು’? ಕರಿ ಚಿರತೆ ಬಘೀರಾ ಮೋಗ್ಲಿಯನ್ನು ಕರೆಯುವುದು ‘ತಮ್ಮಾ’ ಅಂತ, ಅಲ್ಲಿ ತೊಂದರೆ ಇಲ್ಲ. ಮೋಗ್ಲಿ ಬಾಲೂಗೆ ಏನನ್ನಬೇಕು? ಐದು ಮಕ್ಕಳೂ ಜಗಳಕ್ಕೆ ಬಿದ್ದರು. ಕೊನೆಗೆ ದೊಡ್ಡವನು ತೀರ್ಪು ಕೊಟ್ಟ: ‘ಪುಸ್ತಕದ ಬಾಲೂಗೆ ನೀವು, ಅವರು ಮೇಷ್ಟ್ರು. ಸಿನಿಮಾ ಬಾಲೂಗೆ ನೀನು, ಅವನು ಫ್ರೆಂಡು.’ ಸುಮ್ನೆ ಆಡಿದ ಮಾತಲ್ಲ ಇದು. ಎರಡು ಬಾಲೂಗಳ ನಡುವಿನ ದೂರವನ್ನು ಕನ್ನಡದ ಎರಡು ಪದಗಳೇ ಅಳೆದುಬಿಟ್ಟವು. ನೀವೂ ಈ ಉಪಾಯ ಬಳಸಿ, ಯಾವ ಕಥೆಗಾದರೂ ಆಗುತ್ತದೆ.

ಮೊದಲ ಓದಿನಲ್ಲಿ ಪೆನ್ನು ಹಿಡಿಯಬೇಡಿ. ಕಥೆ ಕಥೆಯಾಗಿ ಒಳಗಿಳಿಯಲಿ.

ಮೂರನೇ ಹೆಜ್ಜೆ: ಸಿನಿಮಾ ಎರಡು ಸಲ

ಮೊದಲ ಸಲ ಮಂಡಕ್ಕಿ ತಿನ್ನುತ್ತಾ ನೋಡಿ. ನಡುವೆ ನಿಲ್ಲಿಸಿ ‘ಇದು ಪುಸ್ತಕದಲ್ಲಿ ಹೇಗಿತ್ತು ಹೇಳು’ ಅಂತ ಕೇಳುವ ದೊಡ್ಡವರು ಮಕ್ಕಳ ಪಾಲಿಗೆ ಶನಿ. ಎರಡನೇ ಸಲ, ಬೇಕಾದ ಐದಾರು ದೃಶ್ಯ ಮಾತ್ರ ನೋಡಿ, ಪೆನ್ನು ಹಿಡಿದು. ಅದರಲ್ಲಿ ಒಂದನ್ನಾದರೂ ಸದ್ದು ಬಂದ್ ಮಾಡಿ ನೋಡಿ. ಚಿತ್ರ ಒಂದೇ ಏನು ಹೇಳುತ್ತದೆ, ದನಿ ಏನು ಹೇಳುತ್ತದೆ ಅನ್ನುವುದು ಆಗ ಬೇರೆ ಬೇರೆಯಾಗುತ್ತದೆ.

ಇದಕ್ಕೆ ಹುಲಿ ಶೇರ್ ಖಾನ್‌ನ ದೃಶ್ಯ ಹೇಳಿ ಮಾಡಿಸಿದ್ದು. ಸಿನಿಮಾ ಅರ್ಧ ದಾಟುವವರೆಗೂ ಅವನ ಹೆಸರು ಕೇಳುತ್ತದೆ, ಅವನು ಕಾಣುವುದಿಲ್ಲ. ಕಂಡಾಗ ಸದ್ದಿಲ್ಲದೆ ನೋಡಿ: ಹೆಗಲ ಮೂಳೆ ಒಂದಾದ ಮೇಲೊಂದು ಏಳುವುದು, ತಲೆ ಅಲುಗದೆ ಮೈ ಮಾತ್ರ ಮುಂದೆ ಸರಿಯುವುದು. ಅದನ್ನು ಬರೆದ ಕಲಾವಿದ ಮಿಲ್ಟ್ ಕಾಲ್. ಈಗ ಸದ್ದು ಹಾಕಿ. ಜಾರ್ಜ್ ಸ್ಯಾಂಡರ್ಸ್ ದನಿಯಲ್ಲಿ ಹುಲಿ ಊಟಕ್ಕೆ ಕರೆಯುವ ಜಮೀನ್ದಾರನ ಹಾಗೆ ಮರ್ಯಾದೆಯಿಂದ ಮಾತಾಡುತ್ತಾನೆ. ಭಯ ಇರುವುದು ಆ ಮರ್ಯಾದೆಯಲ್ಲಿ. ಪುಸ್ತಕದ ಶೇರ್ ಖಾನ್ ಹೀಗಿಲ್ಲ. ಅವನು ಹುಟ್ಟುಕುಂಟ, ಅವನಮ್ಮನೇ ‘ಲುಂಗ್ರಿ’ ಅಂತ ಹೆಸರಿಟ್ಟಿದ್ದಾಳೆ, ದನ ಕೊಂದು ತಿನ್ನುತ್ತಾನೆ, ಹಿಂದೆ ಬಾಲಬಡುಕ ನರಿ ತಬಾಕಿ. ಇಲ್ಲಿ ನನ್ನ ವೋಟು ಸಿನಿಮಾಗೆ. ಪುಸ್ತಕದ ಹುಲಿ ಬರೀ ಕೆಟ್ಟವನು, ಸಿನಿಮಾದ ಹುಲಿ ಗಾಂಭೀರ್ಯದ ಕೆಟ್ಟವನು.

ನಾಲ್ಕನೇ ಹೆಜ್ಜೆ: ಮೂರು ಪಟ್ಟಿ, ಅದರಲ್ಲಿ ಮೂರನೆಯದು ಚಿನ್ನ

ಎಲ್ಲರೂ ಎಡವುವುದು ಇಲ್ಲೇ. ವ್ಯತ್ಯಾಸಗಳ ಉದ್ದ ಪಟ್ಟಿ ಮಾಡಿ ಅದನ್ನೇ ಹೋಲಿಕೆ ಅಂದುಕೊಳ್ಳುತ್ತೇವೆ. ನಲವತ್ತು ವ್ಯತ್ಯಾಸ ಬರೆದ ಹಾಳೆ ದಿನಸಿ ಚೀಟಿಯ ಹಾಗೆ. ಅದರಿಂದ ಅಡುಗೆ ಆಗುವುದಿಲ್ಲ.

ಹಾಳೆಯನ್ನು ಮೂರು ಭಾಗ ಮಾಡಿ. ಬಿಟ್ಟದ್ದು, ಸೇರಿಸಿದ್ದು, ಕೈ ಬದಲಾದದ್ದು.

ಬಿಟ್ಟದ್ದು ಸುಲಭ. ಸಿನಿಮಾದಲ್ಲಿ ತಬಾಕಿ ಇಲ್ಲ. ಮಗ ನಾಥೂವನ್ನು ಕಳೆದುಕೊಂಡು ಮೋಗ್ಲಿಯಲ್ಲಿ ಅವನನ್ನೇ ಕಾಣುವ ಮೆಸ್ಸುವಾ ಇಲ್ಲ. ಬಡಾಯಿ ಬೇಟೆಗಾರ ಬುಲ್ದೇವ್ ಇಲ್ಲ. ಎಮ್ಮೆ ಹಿಂಡನ್ನು ಕೊರಕಲಿಗೆ ನುಗ್ಗಿಸಿ ಶೇರ್ ಖಾನ್‌ನನ್ನು ತುಳಿಸಿ ಸಾಯಿಸುವುದು, ಅವನ ಚರ್ಮ ಸುಲಿದು ಪಂಚಾಯ್ತಿ ಬಂಡೆಯ ಮೇಲೆ ಹಾಸುವುದು, ಅದಂತೂ ಇಲ್ಲವೇ ಇಲ್ಲ. ಸೇರಿಸಿದ್ದೂ ಸುಲಭ: ಕೋತಿರಾಜ ಲೂಯಿ, ನಾಲ್ಕು ರಣಹದ್ದುಗಳು, ಮಿಲಿಟರಿ ಕವಾಯತು ಮಾಡುವ ಆನೆಗಳು, ಕೊನೆಯ ಹುಡುಗಿ.

ಕೈ ಬದಲಾದದ್ದು ಅಂದರೆ ಎರಡರಲ್ಲೂ ಇರುವ ಸಂಗತಿಯೇ, ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿರುವುದು. ಇದನ್ನು ಹುಡುಕುವುದಕ್ಕೆ ಸ್ವಲ್ಪ ಹೊತ್ತು ಬೇಕು. ಸಿಕ್ಕಿದ ಮೇಲೆ ಮಾತ್ರ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ನಮಗೆ ಸಿಕ್ಕಿದ್ದು ಇಷ್ಟು.

ಶಿಸ್ತು. ಪುಸ್ತಕದಲ್ಲಿ ಬಾಲೂ ಕಾಡಿನ ಕಾನೂನು ಕಲಿಸುವ ಮೇಷ್ಟ್ರು, ಪಾಠ ಒಪ್ಪಿಸದಿದ್ದರೆ ಹೊಡೆಯುತ್ತಾನೆ. ಮುದ್ದು ಮಾಡಿ ಕೆಡಿಸುವವನು ಬಘೀರಾ. ‘ನಿನ್ನ ಪ್ರೀತಿಗೆ ಮಗುವಿನ ಮುಖವೆಲ್ಲ ಬಾತುಕೊಂಡಿದೆ’ ಅಂತ ಬಾಲೂ ಜೊತೆ ಜಗಳಕ್ಕೂ ಹೋಗುತ್ತಾನೆ. ಸಿನಿಮಾದಲ್ಲಿ ಇದು ಪೂರ್ತಿ ತಿರುಗಿದೆ. ಬಘೀರಾ ಶಿಸ್ತಿನ ಸಿಪಾಯಿ, ಬಾಲೂ ಹುಡುಗನ ಜೊತೆ ಸೇರಿ ಹಾಳಾಗುವ ಮಾವ.

ಕೋತಿಗಳ ಆಸೆ. ಎರಡರಲ್ಲೂ ಕೋತಿಗಳು ಮೋಗ್ಲಿಯನ್ನು ಹೊತ್ತೊಯ್ಯುತ್ತವೆ, ಎರಡರಲ್ಲೂ ಮನುಷ್ಯನ ವಿದ್ಯೆಗಾಗಿ. ಪುಸ್ತಕದಲ್ಲಿ ಅವಕ್ಕೆ ಬೇಕಾದದ್ದು ಕಡ್ಡಿ ಹೆಣೆದು ಗಾಳಿಗೆ ಮರೆ ಮಾಡುವುದು. ಸಿನಿಮಾದಲ್ಲಿ ಲೂಯಿಗೆ ಬೇಕಾದದ್ದು ಬೆಂಕಿ.

ಬೆಂಕಿ. ಪುಸ್ತಕದಲ್ಲಿ ಮೋಗ್ಲಿ ರಾತ್ರಿ ಹಳ್ಳಿಗೆ ಇಳಿದು ಗುಡಿಸಲಿನೊಳಗೆ ಇಣುಕುತ್ತಾನೆ, ಹೆಂಗಸು ಕೆಂಡಕ್ಕೆ ಏನು ಹಾಕುತ್ತಾಳೆ ನೋಡುತ್ತಾನೆ, ಬೆಳಿಗ್ಗೆ ಒಬ್ಬ ಹುಡುಗನ ಕೈಯಿಂದ ಕೆಂಡದ ಮಡಕೆ ಕಸಿದು ಓಡುತ್ತಾನೆ. ದಿನವಿಡೀ ಗುಹೆಯಲ್ಲಿ ಕೂತು ಅದಕ್ಕೆ ಒಣಕಡ್ಡಿ ತಿನ್ನಿಸುತ್ತಾನೆ, ಕರು ಸಾಕಿದ ಹಾಗೆ. ರಾತ್ರಿ ಅದೇ ಬೆಂಕಿಯಿಂದ ಶೇರ್ ಖಾನ್ ತಲೆಗೆ ಬಡಿಯುತ್ತಾನೆ. ಸಿನಿಮಾದಲ್ಲಿ ಬೆಂಕಿ ಕೊಡುವುದು ಸಿಡಿಲು. ಒಣಮರ ಹೊತ್ತಿಕೊಂಡಾಗ ಮೋಗ್ಲಿ ಉರಿಯುವ ಕೊಂಬೆ ಎತ್ತಿಕೊಂಡು ಹುಲಿಯ ಬಾಲಕ್ಕೆ ಕಟ್ಟುತ್ತಾನೆ.

ಕಣ್ಣು. ಇದೇ ಮುಖ್ಯ, ಇದಕ್ಕೆ ಒಂದು ಹೆಜ್ಜೆಯೇ ಬೇಕು.

ಐದನೇ ಹೆಜ್ಜೆ: ಒಂದೇ ಒಂದು ದೃಶ್ಯ, ಮೂಗು ತಾಗುವಷ್ಟು ಹತ್ತಿರದಿಂದ

ಮೂರನೇ ಪಟ್ಟಿಯಿಂದ ಒಂದನ್ನು ಆರಿಸಿ. ಪುಸ್ತಕದ ಆ ಪುಟ, ಸಿನಿಮಾದ ಆ ಎರಡು ನಿಮಿಷ, ಎರಡನ್ನೂ ಅಕ್ಕಪಕ್ಕ ಇಡಿ. ನಾವು ಆರಿಸಿದ್ದು ಕಾ.

ಪುಸ್ತಕದಲ್ಲಿ ಕಾ 30 ಅಡಿಯ ಹೆಬ್ಬಾವು. ಆಗಷ್ಟೇ ಪೊರೆ ಬಿಟ್ಟು ಹೊಳೆಯುತ್ತಿದ್ದಾನೆ. ಮೋಗ್ಲಿಯನ್ನು ಕೋತಿಗಳು ಹಾಳೂರಿನ ಅರಮನೆಗೆ ಹೊತ್ತೊಯ್ದಾಗ ಬಾಲೂ, ಬಘೀರಾ ಇಬ್ಬರೂ ಇವನ ಹತ್ತಿರ ಬರುತ್ತಾರೆ. ಕೋತಿಗಳು ನಿನ್ನನ್ನು ಕಾಲಿಲ್ಲದ ಹಳದಿ ಎರೆಹುಳು ಅಂದವು ಅಂತ ಚಾಡಿ ಹೇಳಿ ಸಿಟ್ಟೆಬ್ಬಿಸುತ್ತಾರೆ. ಕಾ ಬರುತ್ತಾನೆ, ಗೋಡೆ ಒಡೆಯುತ್ತಾನೆ, ಹುಡುಗನನ್ನು ಬಿಡಿಸುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ಒಳ್ಳೆ ಹಾವಿನ ಕಥೆ ಆಗುತ್ತಿತ್ತು. ಮುಗಿಯುವುದಿಲ್ಲ. ಚಂದ್ರ ಇಳಿಯುತ್ತಿದ್ದಾನೆ. ಕಾ ಅಂಗಳದ ನಡುವೆ ಬಂದು ಸುತ್ತು ಸುತ್ತಾಗಿ ಆಡತೊಡಗುತ್ತಾನೆ. ಅದು ಅವನ ಹಸಿವಿನ ಕುಣಿತ. ಗೋಡೆ ಮೇಲೆ ಸಾಲಾಗಿ ಕೂತ ಕೋತಿಗಳು ಕಲ್ಲಾಗುತ್ತವೆ. ಒಂದು ಹೆಜ್ಜೆ ಹತ್ತಿರ ಬನ್ನಿ ಅನ್ನುತ್ತಾನೆ, ಸಾಲಿಗೆ ಸಾಲೇ ಒಂದು ಹೆಜ್ಜೆ ಮುಂದೆ ಬರುತ್ತದೆ. ಅವುಗಳ ಜೊತೆ ಬಾಲೂ, ಬಘೀರಾ ಕೂಡ ಮರಗಟ್ಟಿದವರಂತೆ ಒಂದು ಹೆಜ್ಜೆ ಇಡುತ್ತಾರೆ. ಆಗ ಮೋಗ್ಲಿ ಇಬ್ಬರ ಹೆಗಲ ಮೇಲೂ ಕೈ ಇಡುತ್ತಾನೆ. ಕನಸಿನಿಂದ ಎದ್ದಂತೆ ಇಬ್ಬರೂ ಬೆಚ್ಚಿ ಎಚ್ಚರಾಗುತ್ತಾರೆ. ಮೋಗ್ಲಿಗೆ ಏನೂ ಆಗಿಲ್ಲ. ಮುದಿ ಹಾವೊಂದು ಧೂಳಿನಲ್ಲಿ ಸುತ್ತು ಹಾಕುತ್ತಿದೆ, ಅಷ್ಟೇ ಅವನಿಗೆ ಕಂಡದ್ದು. ಗೋಡೆ ಒಡೆಯುವಾಗ ಅದರ ಮೂಗು ತರಚಿದ್ದನ್ನು ನೆನೆದು ನಗು ಬೇರೆ.

ಈಗ ಸಿನಿಮಾ. ರಾತ್ರಿ, ಮರದ ಕೊಂಬೆ. ಕಾ ಕಣ್ಣಿನಲ್ಲಿ ಬಣ್ಣದ ಉಂಗುರಗಳು ತಿರುಗುತ್ತವೆ, ಮೋಗ್ಲಿಯ ಕಣ್ಣಿನಲ್ಲೂ ಅವೇ ಉಂಗುರಗಳು. ಹುಡುಗ ಹಾವಿನ ವಶ.

ಪುಸ್ತಕದಲ್ಲಿ ಮಾಯೆ ತಾಗದ ಒಬ್ಬನೇ ಒಬ್ಬ, ಸಿನಿಮಾದಲ್ಲಿ ಮಾಯೆಗೆ ಮೊದಲು ಬೀಳುವವನು. ಅದೇ ಹುಡುಗ.

ಇದನ್ನು ಹಿಡಿದು ಪುಸ್ತಕದ ಹಿಂದಿನ ಪುಟಗಳಿಗೆ ಹೋಗಿ. ಬಘೀರಾ ಮೋಗ್ಲಿಗೆ ಹೇಳುತ್ತಾನೆ: ನನ್ನನ್ನು ನೋಡು. ಹುಡುಗ ನೆಟ್ಟ ನೋಟದಿಂದ ನೋಡುತ್ತಾನೆ. ಅರ್ಧ ನಿಮಿಷದಲ್ಲಿ ಆ ದೊಡ್ಡ ಕರಿ ಚಿರತೆ ಮುಖ ತಿರುಗಿಸುತ್ತದೆ. ತೋಳಗಳು ನಿನ್ನನ್ನು ದ್ವೇಷಿಸುವುದು ಇದಕ್ಕೇ ತಮ್ಮಾ, ಅವಕ್ಕೆ ನಿನ್ನ ಕಣ್ಣನ್ನು ಎದುರಿಸಲು ಆಗುವುದಿಲ್ಲ ಅನ್ನುತ್ತಾನೆ. ನೀನು ಮನುಷ್ಯ, ಅದಕ್ಕೇ.

ಕಣ್ಣಿನ ಬಲ ಪುಸ್ತಕದಲ್ಲಿ ಮೋಗ್ಲಿಯದು. ಸಿನಿಮಾ ಅದನ್ನು ಕಿತ್ತು ಕಾಗೆ ಕೊಟ್ಟಿತು. (ಹಕ್ಕಿಗಲ್ಲ, ಹಾವಿಗೆ. ಕನ್ನಡದಲ್ಲಿ ಈ ಹೆಸರಿಗೆ ವಿಭಕ್ತಿ ಹಚ್ಚುವುದೇ ಒಂದು ಫಜೀತಿ.) ಬೆಂಕಿಯನ್ನು ಕಿತ್ತು ಸಿಡಿಲಿಗೆ ಕೊಟ್ಟಿತು. ಹುಲಿ ಕೊಲ್ಲುವುದನ್ನು ಯಾರಿಗೂ ಕೊಡಲಿಲ್ಲ, ಸಿನಿಮಾದ ಹುಲಿ ಬಾಲಕ್ಕೆ ಬೆಂಕಿ ಹತ್ತಿಸಿಕೊಂಡು ಓಡಿಹೋಗುತ್ತದೆ ಅಷ್ಟೇ. ಒಂದೊಂದಾಗಿ ನೋಡಿದರೆ ಚಿಲ್ಲರೆ ಬದಲಾವಣೆಗಳು. ಒಟ್ಟಿಗೆ ನೋಡಿದರೆ ಒಂದೇ ಕೆಲಸ: ಕಾಡಿನಲ್ಲಿ ಎಲ್ಲರೂ ಹೆದರುವ ಹುಡುಗನನ್ನು ಎಲ್ಲರೂ ಕಾಪಾಡಬೇಕಾದ ಹುಡುಗನನ್ನಾಗಿ ಮಾಡುವುದು.

ಆರನೇ ಹೆಜ್ಜೆ: ಎದುರು ಸಾಕ್ಷಿ ಹುಡುಕಿ

ಇಂಥದ್ದೊಂದು ಎಳೆ ಸಿಕ್ಕಿದರೆ ಖುಷಿಗೆ ಕುಣಿಯುತ್ತೇವೆ, ಆಮೇಲೆ ಅದಕ್ಕೆ ಹೊಂದುವುದು ಮಾತ್ರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮದ್ದು, ಬೇಕಂತಲೇ ವಿರುದ್ಧ ಸಾಕ್ಷಿ ಹುಡುಕುವುದು.

ನಮ್ಮಲ್ಲಿ ಹುಡುಕಿದವಳು ಪಕ್ಕದ ಮನೆಯ ಹುಡುಗಿ. ಕೊಂಬೆ ಮೇಲಿನ ದೃಶ್ಯವನ್ನು ಮತ್ತೆ ಹಾಕಿಸಿದಳು. ಕಾ ಸಿಟ್ಟಿಗೆದ್ದು ಬಘೀರಾನ ಕಡೆ ತಿರುಗಿ ಅವನ ಮೇಲೂ ಮೋಡಿ ಹಾಕುತ್ತಾನೆ. ಅಷ್ಟರಲ್ಲಿ ಎಚ್ಚರಾದ ಮೋಗ್ಲಿ ಹಾವಿನ ಸುರುಳಿಯನ್ನು ಕೊಂಬೆಯಿಂದ ಕೆಳಗೆ ನೂಕುತ್ತಾನೆ. ‘ನೋಡಿ, ಇಲ್ಲೂ ಬಘೀರಾನ ಬಿಡಿಸಿದ್ದು ಮೋಗ್ಲಿನೇ’ ಅಂದಳು. ನಿಜ. ಪುಸ್ತಕದಲ್ಲಿ ಹೆಗಲ ಮೇಲೆ ಕೈಯಿಟ್ಟು, ಸಿನಿಮಾದಲ್ಲಿ ಸುರುಳಿ ನೂಕಿ. ನಮ್ಮ ವಾದ ಬಿದ್ದುಹೋಗಲಿಲ್ಲ, ಆದರೆ ಸ್ವಲ್ಪ ತಗ್ಗಿತು. ‘ಸಿನಿಮಾದ ಮೋಗ್ಲಿಗೆ ಬಲವೇ ಇಲ್ಲ’ ಅಂತ ಬರೆದಿದ್ದನ್ನು ಹೊಡೆದು ‘ಮನುಷ್ಯ ಅನ್ನುವ ಕಾರಣಕ್ಕೆ ಬಂದ ಬಲ ಇಲ್ಲ’ ಅಂತ ತಿದ್ದಿದೆವು.

ಏಳನೇ ಹೆಜ್ಜೆ: ಯಾಕೆ ಬದಲಾಯಿಸಿದರು?

‘ಸಿನಿಮಾದವರು ಕಥೆ ಕೆಡಿಸಿದರು’ ಅನ್ನುವುದು ಉತ್ತರವಲ್ಲ, ಬೈಗುಳ. ಹೇಗೆ ತಯಾರಾಯಿತು ಅಂತ ಸ್ವಲ್ಪ ಓದಿಕೊಳ್ಳಿ.

ಡಿಸ್ನಿಯಲ್ಲಿ ಇದರ ಮೊದಲ ಕಥಾರೂಪ ಬರೆದದ್ದು ಬಿಲ್ ಪೀಟ್. ಪುಸ್ತಕದ ಕತ್ತಲೆ ಅದರಲ್ಲಿ ಉಳಿದಿತ್ತು. ವಾಲ್ಟ್ ಡಿಸ್ನಿಗೆ ಹಿಡಿಸಲಿಲ್ಲ. ಇಬ್ಬರಿಗೂ ಕೂಡಿಬರದೆ ಪೀಟ್ 1964ರಲ್ಲಿ ಸ್ಟುಡಿಯೋ ಬಿಟ್ಟರು. ಮುಂದೆ ಬರೆಯಲು ಬಂದ ಲ್ಯಾರಿ ಕ್ಲೆಮನ್ಸ್ ಕೈಗೆ ವಾಲ್ಟ್ ಪುಸ್ತಕ ಕೊಟ್ಟು, ನೀನು ಮೊದಲು ಮಾಡಬೇಕಾದ ಕೆಲಸ ಇದನ್ನು ಓದದೇ ಇರುವುದು ಅಂದರಂತೆ. ಹೋಲಿಕೆ ಮಾಡುವವರಿಗೆ ಇದಕ್ಕಿಂತ ರುಚಿಯಾದ ಸುದ್ದಿ ಬೇಕಾ? ನಾವು ‘ಬದಲಾವಣೆ’ ಅನ್ನುವ ಎಷ್ಟೋ ಸಂಗತಿಗಳನ್ನು ಕೂತು ಯೋಚಿಸಿ ಬದಲಾಯಿಸಿದ್ದಲ್ಲ, ಪುಸ್ತಕವನ್ನು ಬದಿಗಿಟ್ಟಿದ್ದರಿಂದ ಆದದ್ದು.

ಬಾಲೂ ಮೊದಲು ಬಂದು ಹೋಗುವ ಸಣ್ಣ ಪಾತ್ರ. ಫಿಲ್ ಹ್ಯಾರಿಸ್ ದನಿ ಕೊಟ್ಟ ಮೇಲೆ ಅದು ಬೆಳೆಯಿತು, ಇಡೀ ಸಿನಿಮಾವನ್ನೇ ಹೊತ್ತಿತು. ಅಂದರೆ ಮೇಷ್ಟ್ರು ಬಾಲೂ ಗೆಳೆಯ ಬಾಲೂ ಆದದ್ದು ಒಬ್ಬ ಕಲಾವಿದನ ಗಂಟಲಿನಿಂದ. ಪೀಟ್ ಕಾಲದಲ್ಲಿ ಟೆರ್ರಿ ಗಿಲ್ಕಿಸನ್ ಬರೆದ ಹಾಡುಗಳಲ್ಲಿ ಉಳಿದದ್ದೂ ಒಂದೇ, ಬಾಲೂ ಹಾಡುವ ಹಾಡು. ಅದು ಆಸ್ಕರ್ ನಾಮನಿರ್ದೇಶನಕ್ಕೂ ಹೋಯಿತು. ಉಳಿದ ಹಾಡುಗಳು ಶೆರ್ಮನ್ ಸಹೋದರರವು.

ಇನ್ನೊಂದು ಕಾರಣ ಕಥೆಯ ಕಟ್ಟು. ಪುಸ್ತಕದ ಮೋಗ್ಲಿ ಕಾಡಿಗೂ ಊರಿಗೂ ಓಡಾಡುತ್ತಾನೆ, ಎರಡು ಕಡೆಯಿಂದಲೂ ಹೊರದಬ್ಬಿಸಿಕೊಳ್ಳುತ್ತಾನೆ. ಸಿನಿಮಾ ಅದನ್ನು ಒಂದು ನೇರ ದಾರಿ ಮಾಡಿತು: ಬಘೀರಾ ಹುಡುಗನನ್ನು ಊರಿಗೆ ಬಿಟ್ಟುಬರಬೇಕು. ದಾರಿಯ ಕಥೆಗೆ ದಾರಿಯುದ್ದಕ್ಕೂ ಅಪಾಯ ಬೇಕು. ಗೆಳೆಯನಾದ ಕಾ ಅಪಾಯವಾದದ್ದು ಹಾಗೆ.

ವಾಲ್ಟ್ ಡಿಸ್ನಿ 1966ರ ಡಿಸೆಂಬರ್ 15ರಂದು ತೀರಿಕೊಂಡರು. ಸಿನಿಮಾ ಬಂದದ್ದು 1967ರ ಅಕ್ಟೋಬರ್‌ನಲ್ಲಿ. ಅವರು ಖುದ್ದು ಮುಂದೆ ನಿಂತು ಮಾಡಿಸಿದ ಕೊನೆಯ ಆ್ಯನಿಮೇಷನ್ ಚಿತ್ರ ಇದು.

ಎಂಟನೇ ಹೆಜ್ಜೆ: ಪುಸ್ತಕವನ್ನೂ ದೇವರ ಮನೆಯಲ್ಲಿಡಬೇಡಿ

ಮೂಲ ಎಂದ ಮಾತ್ರಕ್ಕೆ ಅದೇ ಸತ್ಯ ಅಲ್ಲ. ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಮುಂಬೈಯಲ್ಲಿ. ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಬೆಟ್ಟಗಳಲ್ಲಿ, ವೈನ್‌ಗಂಗಾ ನದಿ ತೀರದಲ್ಲಿ. ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹಿಮದ ನಾಡಿನಲ್ಲಿ ಕೂತು. ‘ಮೋಗ್ಲಿ’ ಅಂದರೆ ಕಪ್ಪೆ ಅಂತ ಕಥೆ ಹೇಳುತ್ತದೆ, ನಮ್ಮ ದೇಶದ ಯಾವ ಭಾಷೆಯಲ್ಲೂ ಹಾಗಿಲ್ಲ, ಅದು ಅವನೇ ಕಟ್ಟಿದ ಪದ. ಬಾಲೂವನ್ನು ಕಿಪ್ಲಿಂಗ್ ಕಂದು ಕರಡಿ ಅನ್ನುತ್ತಾನೆ. ಆ ಕಾಡಿನಲ್ಲಿ ಇರುವುದು ನಮ್ಮ ದರೋಜಿಯಲ್ಲೂ ಕಾಣುವ ಕಪ್ಪು ಕರಡಿ. ಸಿನಿಮಾ ಇನ್ನೂ ಮುಂದೆ ಹೋಗಿ ಒರಾಂಗುಟಾನ್ ತಂದಿತು, ಅದು ಇರುವುದು ಬೋರ್ನಿಯೋ, ಸುಮಾತ್ರಾದಲ್ಲಿ. ಹಾಗಾಗಿ 2016ರ ಸಿನಿಮಾದವರು ಲೂಯಿಯನ್ನು ಎಂದೋ ನಶಿಸಿದ ದೈತ್ಯ ವಾನರ ಮಾಡಿ ತಪ್ಪಿಸಿಕೊಂಡರು.

ಇವು ಪುಟ್ಟ ತಪ್ಪುಗಳು. ದೊಡ್ಡದು ಬೇರೆ ಇದೆ. ಎರಡನೇ ಪುಸ್ತಕದಲ್ಲಿ ಊರವರು ಮೆಸ್ಸುವಾ ಮತ್ತು ಅವಳ ಗಂಡನನ್ನು ಮಾಟಗಾರರೆಂದು ಕೊಲ್ಲಲು ಹೊರಡುತ್ತಾರೆ. ಅವರಿಬ್ಬರೂ ನ್ಯಾಯ ಹುಡುಕಿಕೊಂಡು ಓಡುವುದು ಇಂಗ್ಲಿಷರ ಹತ್ತಿರ. ಹಳ್ಳಿಗರೆಲ್ಲ ಮೂಢರು, ನ್ಯಾಯ ಇರುವುದು ಬಿಳಿಯರಲ್ಲಿ ಅನ್ನುವುದು ಕಥೆಯೊಳಗೆ ಸದ್ದಿಲ್ಲದೆ ಕೂತಿದೆ. ಸಿನಿಮಾ ಇದನ್ನು ಬಿಟ್ಟಿತು, ಆದರೆ ಜಾಜ್ ಹಾಡುತ್ತಾ ‘ನಾನೂ ಮನುಷ್ಯನಾಗಬೇಕು’ ಅನ್ನುವ ಕೋತಿರಾಜನನ್ನು ತಂದು ಕರಿಯರನ್ನು ಅಣಕಿಸಿದೆ ಅನ್ನುವ ಟೀಕೆಗೆ ಸಿಕ್ಕಿಕೊಂಡಿತು. ದನಿ ಕೊಟ್ಟ ಲೂಯಿ ಪ್ರೀಮಾ ಇಟಾಲಿಯನ್ ಮೂಲದವರು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಚಿಕ್ಕ ಮಕ್ಕಳ ಜೊತೆ ಇಷ್ಟು ಬೇಡ. ಹೈಸ್ಕೂಲಿನವರ ಜೊತೆ ಮಾತಾಡಲೇಬೇಕು.

ನಮ್ಮ ಸೀಮೆಗೂ ಈ ಕಥೆಗೂ ಒಂದು ನಂಟಿದೆ, ಕಾರ್ಟೂನ್ ಅಲ್ಲದಿದ್ದರೂ ಹೇಳದೆ ಇರಲಾರೆ. 1942ರಲ್ಲಿ ಇದೇ ಪುಸ್ತಕವನ್ನು ಮನುಷ್ಯರನ್ನಿಟ್ಟು ಸಿನಿಮಾ ಮಾಡಿದಾಗ ಮೋಗ್ಲಿ ಆದವನು ಸಾಬು, ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ. ಅವನ ಮೊದಲ ಸಿನಿಮಾ, 1937ರ ‘ಎಲಿಫೆಂಟ್ ಬಾಯ್’, ಅದೂ ಜಂಗಲ್ ಬುಕ್ಕಿನದೇ, ಆನೆ ಹುಡುಗ ತೂಮಾಯಿಯ ಕಥೆ. ಕಾರಾಪುರ ಇರುವುದು ಕಬಿನಿ ದಂಡೆಯಲ್ಲಿ. ಇವತ್ತು ಕ್ಯಾಮೆರಾ ನೇತುಹಾಕಿಕೊಂಡು ಜನ ಅಲ್ಲಿಗೆ ಹೋಗುವುದು ಕರಿ ಚಿರತೆ ಕಾಣಬಹುದೇನೋ ಅಂತ.

ಒಂಬತ್ತನೇ ಹೆಜ್ಜೆ: ಬರೆಯುವುದು

ಮೊದಲು ಒಂದೇ ವಾಕ್ಯ ಬರೆಯಿರಿ. ‘ಎರಡರಲ್ಲೂ ಹೋಲಿಕೆಗಳೂ ಇವೆ, ವ್ಯತ್ಯಾಸಗಳೂ ಇವೆ’ ಅನ್ನುವ ವಾಕ್ಯವಲ್ಲ. ಅದು ಯಾವ ಎರಡು ವಸ್ತುಗಳಿಗೂ, ಇಡ್ಲಿಗೂ ಇಟ್ಟಿಗೆಗೂ ಹೊಂದುತ್ತದೆ. ಯಾರಾದರೂ ‘ಇಲ್ಲ, ನಾನು ಒಪ್ಪಲ್ಲ’ ಅನ್ನಲು ಸಾಧ್ಯವಿರುವ ವಾಕ್ಯ ಬೇಕು. ಆಮೇಲೆ ಪುಸ್ತಕದಿಂದ ಒಂದು ಜಾಗ, ಸಿನಿಮಾದಿಂದ ಒಂದು ಜಾಗ, ಒಂದು ಎದುರು ಸಾಕ್ಷಿ, ಒಂದು ಯಾಕೆ. ನಾಲ್ಕು ಪ್ಯಾರಾ ಸಾಕು.

‘ಯಾವುದು ಚೆನ್ನಾಗಿದೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ತಪ್ಪಿಸಿಕೊಳ್ಳಬೇಡಿ. ನನ್ನ ಮಟ್ಟಿಗೆ, ಪುಸ್ತಕದಲ್ಲಿ ಒಂದು ಜಾಗವಿದೆ, ಅದಕ್ಕೆ ಸಾಟಿಯಾದದ್ದು ಸಿನಿಮಾದಲ್ಲಿ ಎಲ್ಲೂ ಇಲ್ಲ. ಬೆಂಕಿಯಿಂದ ಹುಲಿಯನ್ನು ಬಡಿದು, ತೋಳಗಳನ್ನು ಓಡಿಸಿದ ಮೇಲೆ ಮೋಗ್ಲಿಗೆ ಎದೆಯೊಳಗೆ ಏನೋ ನೋಯತೊಡಗುತ್ತದೆ. ಮುಖದ ಮೇಲೆ ನೀರು ಇಳಿಯುತ್ತದೆ. ಅವನು ಹುಟ್ಟಿದಾಗಿನಿಂದ ಅತ್ತವನಲ್ಲ. ‘ನಾನು ಸಾಯ್ತಾ ಇದ್ದೀನಾ ಬಘೀರಾ?’ ಅನ್ನುತ್ತಾನೆ. ಇಲ್ಲ ತಮ್ಮಾ, ಅದು ಮನುಷ್ಯರಿಗೆ ಬರುವ ಕಣ್ಣೀರು, ಸುರಿಯಲಿ ಬಿಡು ಅನ್ನುತ್ತಾನೆ ಬಘೀರಾ. ಎಲ್ಲರೂ ಹೆದರುತ್ತಿದ್ದ ಅದೇ ಕಣ್ಣು. ಇದನ್ನು ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಆದರೂ ಮಳೆ ಬರುವ ಮಧ್ಯಾಹ್ನ, ಏನೂ ಕೆಲಸ ಇಲ್ಲ ಅಂದರೆ, ನಾನು ಹಾಕುವುದು ಸಿನಿಮಾನೇ.

ಮುಂದೆ ಏನು ಮಾಡಬಹುದು?

ಇದೇ ಕಥೆಗೆ ಮೂರನೆಯ ಸಾಕ್ಷಿ ಬೇಕಾದರೆ ಸೋವಿಯತ್ ದೇಶದ ‘ಮೌಗ್ಲಿ’ ನೋಡಿ. ಅದರ ಮೊದಲ ಭಾಗವೂ 1967ರದ್ದೇ, ಒಟ್ಟು ಐದು ಭಾಗ 1971ರವರೆಗೆ ಬಂದವು. ಅಲ್ಲಿ ಕಾ ಮೋಗ್ಲಿಯ ಕಡೆಯೇ ಇದ್ದಾನೆ. ಬಘೀರಾ ಮಾತ್ರ ಹೆಣ್ಣಾಗಿದ್ದಾಳೆ.

ಕನ್ನಡದ್ದೇ ಬೇಕು ಅನ್ನುವವರಿಗೆ ಗೋವಿನ ಹಾಡು ಇದೆಯಲ್ಲ. ಪುಣ್ಯಕೋಟಿಯ ಕಥೆ 2020ರಲ್ಲಿ ಸಂಸ್ಕೃತದ ಆ್ಯನಿಮೇಷನ್ ಸಿನಿಮಾ ಆಗಿಯೂ ಬಂದಿದೆ. ಮನೆಯಲ್ಲಿರುವ ಬಣ್ಣದ ಪುಸ್ತಕ, ಅಜ್ಜಿ ಹಾಡುವ ಹಾಡು, ಮೊಬೈಲಿನಲ್ಲಿ ಮಕ್ಕಳು ನೋಡುವ ಕಾರ್ಟೂನು, ಎಲ್ಲ ಒಟ್ಟಿಗೆ ಇಟ್ಟುಕೊಳ್ಳಿ. ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ನಿಮ್ಮ ಪುಸ್ತಕದ ಹುಲಿ ಏನು ಮಾಡುತ್ತದೆ, ಮೊದಲು ಆ ಪುಟ ತೆಗೆದು ನೋಡಿ.